ಅಕ್ಕನ ಲಗ್ನದ ಲೆಕ್ಕ

2024ರ ಏಪ್ರಿಲ್ ತಿಂಗಳಲ್ಲಿ, ಪರೀಕ್ಷೆ ಮುಗಿದ ಮೇಲೆ, ನಮ್ಮ ಅಕ್ಕನ ಲಗ್ನವಾಯಿತು. ನಮ್ಮ ಊರಿನವರೆಲ್ಲ ಬಂದು ಉಂಡು ಹೋಗಿದ್ದೀರಿ. ಆದರೂ ‘ಅವರಪ್ಪ ಖರ್ಚಿಗೆ ಅಂಜಿ ಹಂಗ ಮಾಡಿದ’ ಎಂದು ಗುಡಿಯ ಕಟ್ಟೆಯ ಮೇಲೆ ಕುಳಿತು ಅಂದವರು ಇದ್ದಾರೆ. ನಮ್ಮ ಅಪ್ಪ ಯಾರಿಗೂ ಉತ್ತರ ಕೊಡಲಿಲ್ಲ. ಗುರುಗಳು ಗೋಡೆ ಪತ್ರಿಕೆಗೆ ಏನಾದರೂ ಬರೆದು ಕೊಡು ಎಂದರು. ಅದಕ್ಕೆ ನಾನು ಇದನ್ನೇ ಬರೆಯುತ್ತಿದ್ದೇನೆ.

2023ರಲ್ಲಿ ಮಳೆ ಹೇಗೆ ಕೈಕೊಟ್ಟಿತೆಂದು ನಿಮಗೆ ಗೊತ್ತಿದೆ. ಆ ವರ್ಷ ಸರ್ಕಾರ ನಮ್ಮ ರಾಜ್ಯದ 223 ತಾಲೂಕುಗಳನ್ನು ಬರಪೀಡಿತ ಎಂದು ಘೋಷಿಸಿತು. ನಮ್ಮ ಹೊಲದಲ್ಲಿ ಹೆಸರು ಒಣಗಿತು, ಹಿಂಗಾರಿಯ ಕಡಲೆಯೂ ಸರಿಯಾಗಿ ನಾಟಲಿಲ್ಲ. ಅಷ್ಟರಲ್ಲೇ ಕಲಘಟಗಿ ಕಡೆಯ ಒಳ್ಳೆಯ ಸಂಬಂಧ ಕೂಡಿ ಬಂತು. ಅಪ್ಪ ಮತ್ತು ಕಾಕಾ ಕುಳಿತು ಯಾದಿ ಹಾಕಿದರು. ಹಂದರ, ಡಾಲ್ಬಿ, ಫ್ಲೆಕ್ಸು, ಅರಿವಿ, ಊಟ ಎಲ್ಲಾ ಸೇರಿ 4 ಲಕ್ಷ ಆಯಿತು. ಎತ್ತು ಮಾರಬೇಕು, ಉಳಿದದ್ದು ಸಾಲ ತರಬೇಕು ಎಂದರು.

ಅಕ್ಕ ಒಳಗಿನಿಂದ ಕೇಳಿಸಿಕೊಂಡು ಹೊರಗೆ ಬಂದಳು. “ಎಪ್ಪಾ, ಎತ್ತು ಮಾರಿ ನನ್ನ ಲಗ್ನಾ ಮಾಡೂದಾದ್ರ ನನಗ ಲಗ್ನನ ಬ್ಯಾಡ. ಮುಂಗಾರಿಗೆ ಹೆಗಲು ಕೊಟ್ಟು ನೀನ ಹೊಲಾ ಹೊಡೀತಿಯೇನು?” ಎಂದಳು. ಯಾರೂ ಮಾತಾಡಲಿಲ್ಲ. ಕಾಕಾ ಯಾದಿಯನ್ನು ಮಡಚಿ ಕಿಸೆಯಲ್ಲಿ ಇಟ್ಟುಕೊಂಡ.

ಅಕ್ಕ ಬಿ.ಎ. ಓದಿದವಳು. ಅವಳಿಗೆ ಕುವೆಂಪು ಅವರ ‘ಮಂತ್ರ ಮಾಂಗಲ್ಯ’ ಗೊತ್ತಿತ್ತು. ಕುವೆಂಪು 1966ರಲ್ಲಿ ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ಹಾಗೆ ಮಾಡಿಸಿದರಂತೆ. ಅದರಲ್ಲಿ ಪುರೋಹಿತರು ಇಲ್ಲ, ವರದಕ್ಷಿಣೆ ಇಲ್ಲ, ಆಡಂಬರ ಇಲ್ಲ. ಗಂಡು ಹೆಣ್ಣು ನಾಲ್ಕು ಮಂದಿಯ ಮುಂದೆ ಕನ್ನಡದಲ್ಲೇ ಪ್ರತಿಜ್ಞೆ ಮಾಡುತ್ತಾರೆ. ಇದನ್ನು ಕೇಳಿ ನಮ್ಮ ಅಜ್ಜ, “ಇದೇನು ಹೊಸಾದಲ್ಲ ಬಿಡವಾ, ನಮ್ಮ ರೈತಸಂಘದವ್ರು ಹಿಂಗ ಮಾಡತಿದ್ರು” ಎಂದ. 1980ರ ಜುಲೈದಲ್ಲಿ ನರಗುಂದ ಮತ್ತು ನಮ್ಮ ನವಲಗುಂದದಲ್ಲಿ ರೈತರ ಬಂಡಾಯ ಆಯಿತಲ್ಲ, ಅದಾದ ಮೇಲೆ ರೈತಸಂಘ ಬೆಳೆಯಿತು. ಅದರ ಮುಖಂಡರಾದ ಪ್ರೊ. ನಂಜುಂಡಸ್ವಾಮಿಯವರು ರೈತರ ಮನೆಗಳಲ್ಲಿ ಇಂಥ ಸರಳ ಮದುವೆಗಳನ್ನು ಮಾಡಿಸಿದರು. ಪ್ರತಿ ವರ್ಷ ಜುಲೈ 21ಕ್ಕೆ ಅಜ್ಜ ನವಲಗುಂದದ ವೀರಗಲ್ಲಿಗೆ ಹೋಗಿ ಬರುತ್ತಾನೆ. ಆದರೆ ಲಗ್ನದ ಮಾತನ್ನು ಅವನು ನಮಗೆ ಹೇಳಿದ್ದು ಅವತ್ತೇ.

ಸಾಮೂಹಿಕ ಲಗ್ನದ ಮಾತೂ ಬಂತು. ಧರ್ಮಸ್ಥಳದಲ್ಲಿ 1972ರಿಂದ ನಡೆದಿದೆ, ನಮ್ಮ ಕಡೆಯ ಮಠಗಳ ಜಾತ್ರೆಯಲ್ಲಿಯೂ ಆಗುತ್ತದೆ. ಗತಿ ಇಲ್ಲದವರು ಮಾತ್ರ ಅಲ್ಲಿಗೆ ಹೋಗುತ್ತಾರೆ ಅನ್ನುವುದು ನನಗೆ ಸರಿ ಕಾಣುವುದಿಲ್ಲ. ಅಕ್ಕ ಅದಕ್ಕೂ ತಯಾರಿದ್ದಳು. ಆದರೆ ನಮ್ಮ ಆಯಿ ಕಣ್ಣೀರು ತೆಗೆದಳು. “ಹಿರೇ ಮೊಮ್ಮಗಳ ಲಗ್ನ. ಮನಿ ಮುಂದ ಒಂದು ಹಂದರಾ ಬ್ಯಾಡೇನು? ಸ್ವಾಮಿಗಳು ಬ್ಯಾಡೇನು? ಮಂದಿ ಏನಂದಾರು?” ಎಂದಳು. ಕಡೆಗೆ ಹಂದರ, ಸ್ವಾಮಿಗಳು, ತಾಳಿ ಆಯಿಯ ಪಾಲಿಗೆ, ಉಳಿದದ್ದೆಲ್ಲ ಅಕ್ಕನ ಪಾಲಿಗೆ ಎಂದು ಅಜ್ಜ ತೀರ್ಮಾನ ಮಾಡಿದ.

ಬೀಗರಿಗೆ ಹೇಳುವುದು ಹೇಗೆ ಎಂದು ಎಲ್ಲರಿಗೂ ಹೆದರಿಕೆ ಇತ್ತು. ಅವರು ಬಂದರು, ಚಹಾ ಕುಡಿದರು. ಅಪ್ಪ, “ಡಾಲ್ಬಿ, ಫ್ಲೆಕ್ಸು ಇರೂದಿಲ್ರಿ ಬೀಗರ, ಸಾದಾ ಮಾಡಿ ಕೊಡತೀವಿ” ಎಂದ. ಬೀಗರು ಬಹಳ ಹೊತ್ತು ಸುಮ್ಮನೆ ಕುಳಿತರು. ಬೀಗತಿ, “ಹುಗ್ಗಿ ಆದ್ರೂ ಮಾಡ್ತೀರಿಲ್ರಿ?” ಎಂದು ಕೇಳಿದರು. ಮಾಡುತ್ತೇವೆ ಎಂದ ಕೂಡಲೇ ಎಲ್ಲರೂ ನಕ್ಕರು, ಮಾತು ಮುಗಿಯಿತು.

ಎಲ್ಲಕ್ಕಿಂತ ಹೆಚ್ಚು ಚರ್ಚೆ ಆದದ್ದು ತಾಟಿನ ಮೇಲೆ. ಪ್ಲಾಸ್ಟಿಕ್ ತಾಟು, ಲೋಟಗಳನ್ನು ನಮ್ಮ ಸರ್ಕಾರ 2016ರಲ್ಲಿಯೇ ನಿಷೇಧಿಸಿದೆ, 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷೇಧವಿದೆ. ಆದರೂ ಲಗ್ನವಾದ ಮರುದಿನ ನಮ್ಮ ಕೆರೆಯ ದಂಡೆಗೆ ಹೋಗಿ ನೋಡಿರಿ. ಲೋಟಗಳು ಗಾಳಿಗೆ ಹಾರಿ ನೀರಲ್ಲಿ ಬಿದ್ದಿರುತ್ತವೆ. ಬಾವಿಯ ನೀರು ಸವಳು, ಆದ್ದರಿಂದ ನಾವು ಕುಡಿಯುವುದು ಅದೇ ಕೆರೆಯ ನೀರು. ಸ್ಟೀಲ್ ತಾಟು ತರೋಣ ಎಂದು ಕಾಕಾ ಹೇಳಿದ. ಆಗ ನಾನು ಹಿತ್ತಲಿನಲ್ಲಿ ಒಂದು ಎಂಜಲ ತಾಟನ್ನು ಅಳತೆ ನೀರಿನಲ್ಲಿ ತೊಳೆದು ನೋಡಿದೆ. ಒಂದೂವರೆ ಲೀಟರ್ ಬೇಕಾಯಿತು. 600 ಮಂದಿಗೆ 900 ಲೀಟರ್, ಅಂದರೆ 15 ಲೀಟರಿನ 60 ಕೊಡ! ಬರಗಾಲದಲ್ಲಿ ಕೆರೆಯ ತಳ ಕಾಣುತ್ತಿತ್ತು. ಬಾಳೆ ಎಲೆ ಎಂದರೆ ನಮ್ಮ ಎರೆಭೂಮಿಯಲ್ಲಿ ಬಾಳೆಯೇ ಇಲ್ಲ, ಹುಬ್ಬಳ್ಳಿ ಪ್ಯಾಟಿಯಿಂದ ತರಬೇಕು. ಅಷ್ಟರಲ್ಲಿ ಬೀಗರೇ, “ನಮ್ಮ ಅಡವಿ ಕಡೆ ಮುತ್ತಲ ಎಲಿ ಬೇಕಾದಷ್ಟು ಅದಾವ್ರಿ” ಎಂದರು. ಅವರೂರಿನ ಹೆಣ್ಣುಮಕ್ಕಳು ಕಡ್ಡಿ ಚುಚ್ಚಿ ಪತ್ರೋಳಿ ಹಚ್ಚಿ ಕೊಟ್ಟರು. ಅವರಿಗೆ ನೂರಕ್ಕೆ ಇಷ್ಟು ಎಂದು ರೊಕ್ಕ ಕೊಟ್ಟೆವು. ಉಂಡ ಎಲೆಗಳೆಲ್ಲ ತಿಪ್ಪೆಗೆ ಹೋಗಿ ಗೊಬ್ಬರವಾದವು.

ಇಲ್ಲಿ ಒಂದು ತೊಡಕು ಬಂತು. ನಮ್ಮ ಓಣಿಯ ಒಬ್ಬ ದೊಡ್ಡವ್ವ ಲಗ್ನಗಳಲ್ಲಿ ತಾಟು ತೊಳೆದು ಪಗಾರ ತೆಗೆದುಕೊಳ್ಳುತ್ತಾಳೆ. “ನೀವು ಎಲಿ ಹಾಕಿದ್ರ ನನ್ನ ಹೊಟ್ಟಿಗೇನು ಹಾಕತೀರಿ?” ಎಂದು ನೇರವಾಗಿ ಕೇಳಿದಳು. ಅವಳು ಕೇಳಿದ್ದು ಖರೇನೇ ಇತ್ತು. ಗುಡಿಯಿಂದ ತಂದ ಸ್ಟೀಲ್ ಗ್ಲಾಸು ತೊಳೆಯುವುದು ಮತ್ತು ಗೋದಿ ಹಸನ ಮಾಡುವುದನ್ನು ಅವ್ವ ಅವಳಿಗೇ ಕೊಟ್ಟಳು, ಪಗಾರ ಕಡಿಮೆ ಮಾಡಲಿಲ್ಲ.

ಅಕ್ಕಿಕಾಳಿನ ಲೆಕ್ಕವನ್ನೂ ನಾನೇ ಮಾಡಿದೆ. ಒಂದು ಮುಷ್ಟಿ ಅಕ್ಕಿ ಸುಮಾರು 20 ಗ್ರಾಂ ತೂಗಿತು. 600 ಮುಷ್ಟಿ ಅಂದರೆ 12 ಕಿಲೋ. ನಮ್ಮ ಬಿಸಿಯೂಟದಲ್ಲಿ 6ನೇ, 7ನೇ ತರಗತಿಯವರಿಗೆ ದಿನಕ್ಕೆ 150 ಗ್ರಾಂ ಅಕ್ಕಿ ಎಂದು ಲೆಕ್ಕ ಇದೆ. ಅಂದರೆ 80 ಮಕ್ಕಳ ಒಂದು ಹೊತ್ತಿನ ಊಟ ಕಾಲಡಿಗೆ ಹೋಗುತ್ತದೆ. ಇದನ್ನು ಆಯಿಗೆ ಹೇಳಿದೆ. ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. “ಹಿರ್‍ಯಾರು ಐದು ಮಂದಿ ಅಷ್ಟ ಅಕ್ಕಿ ಹಾಕ್ಲಿ, ಉಳಿದವ್ರು ಹೂವಿನ ಎಸಳು ಹಾಕ್ಲಿ” ಎಂದಳು. ಸಂತೆಯಿಂದ ಎರಡು ಬುಟ್ಟಿ ಚೆಂಡು ಹೂ ತಂದೆವು.

ಆಯೇರಿಯ ವಿಷಯ ನಿಮಗೆ ನಗೆ ತರಿಸಬಹುದು. ನಮ್ಮ ಊರಲ್ಲಿ ಒಂದೇ ಕುಬಸದ ಅರಿವಿ ಹತ್ತು ಲಗ್ನ ತಿರುಗುತ್ತದೆ, ಯಾರೂ ಹೊಲಿಸುವುದಿಲ್ಲ. ಟವೆಲ್ಲು ಟೊಪ್ಪಿಗೆಯ ಕಥೆಯೂ ಅದೇ. ಆಯೇರಿ ಬೇಡ, ತರಲೇಬೇಕೆಂದರೆ ಸಾಲಿ ಮಕ್ಕಳಿಗೆ ನೋಟ್‌ಬುಕ್ ತನ್ನಿರಿ ಎಂದು ಅಕ್ಕ ಪತ್ರದಲ್ಲಿ ಬರೆಸಿದಳು. ದೂರದವರಿಗೆ ಮಾತ್ರ 50 ಪತ್ರ ಅಚ್ಚು ಹಾಕಿಸಿದ್ದೆವು, ಊರೊಳಗೆ ಅಜ್ಜ ಮನೆ ಮನೆಗೆ ಹೋಗಿ ಬಾಯಿಂದಲೇ ಹೇಳಿ ಬಂದ. ಹಂದರದ ಬಾಗಿಲಿಗೆ ಫ್ಲೆಕ್ಸಿನ ಬದಲು ಹಳೆಯ ಧೋತರದ ಮೇಲೆ ‘ಸುಸ್ವಾಗತ’ ಎಂದು ನಾನು ಕೆಮ್ಮಣ್ಣಿನಿಂದ ಬರೆದೆ. ಅಕ್ಷರ ದುಂಡಗೆ ಇವೆ ಎಂದು ಗುರುಗಳು ಅಂದರು.

ಲಗ್ನದ ದಿನ ಗಾಳಿ ಬೀಸಿ ಹಂದರದ ಒಂದು ಮೂಲೆ ಹಾರಿತು, ಅಷ್ಟೇ. ಕರಡಿ ಮಜಲಿನವರು ಬಾರಿಸಿದರು. ಹುಗ್ಗಿ ಒಂದು ಸೌಟೂ ಉಳಿಯಲಿಲ್ಲ. ಖರ್ಚು 1 ಲಕ್ಷ 30 ಸಾವಿರದಲ್ಲಿ ಮುಗಿಯಿತು. ಎತ್ತುಗಳು ನಮ್ಮ ಗ್ವಾದಲಿಯಲ್ಲಿಯೇ ಉಳಿದವು, ಆ ಮುಂಗಾರಿಗೆ ಅಪ್ಪ ಅವುಗಳಿಂದಲೇ ಹೆಸರು ಬಿತ್ತಿದ.

ನೋಟ್‌ಬುಕ್ಕುಗಳು ಒಟ್ಟು 214 ಬಂದವು. ಅವುಗಳ ಜೊತೆಗೆ 31 ಕುಬಸದ ಅರಿವಿಯೂ ಬಂದವು. ಬೇಡ ಎಂದರೂ ಆಯಿ ಯಾರಿಗೂ ಕಾಣದ ಹಾಗೆ ಇಸಿದುಕೊಂಡು ಟ್ರಂಕಿನಲ್ಲಿ ಇಟ್ಟಿದ್ದಳು. ನೋಟ್‌ಬುಕ್ಕುಗಳನ್ನು ಅಪ್ಪ ಸೈಕಲ್ ಮೇಲೆ ಹೇರಿಕೊಂಡು ಬಂದು ಶಾಲೆಗೆ ಕೊಟ್ಟ. ಹಂಚಿ ಉಳಿದವು ಗುರುಗಳ ಕಪಾಟಿನಲ್ಲಿ ಇವೆ. ಬೇಕಾದವರು ಕೇಳಿ ತೆಗೆದುಕೊಳ್ಳಿರಿ. ಎರಡು ಗೆರೆಯವು ಮುಗಿದಿವೆ, ಚೌಕದವು ಮಾತ್ರ ಇವೆ.