ಪಥ್ಯವೂ ಪರೀಕ್ಷೆಯೂ

ಎಲೆಯ ಮೇಲಿನ ಅನ್ನವನ್ನು ಹಳಿಯಲಾಗದೆಂಬುದು ಈ ನಾಡಿನ ಹಿರಿಯರ ಕಟ್ಟಳೆ. ಇಂದು ಬೆಂಗಳೂರಿನ ಜಯನಗರ, ಬನಶಂಕರಿಗಳ ಮನೆಗಳಲ್ಲಿ ಆ ಅನ್ನವೇ ಅಪರಾಧಿಯಾಗಿ ನಿಂತಿದೆ. ಅನ್ನ, ಮುದ್ದೆ, ಇಡ್ಲಿ, ಚಪಾತಿ ಎಲ್ಲವೂ ಮಧುಮೇಹಿಗೆ ವರ್ಜ್ಯವೆಂದು ಬೋಧಿಸುವವರು ಬೀದಿಗೊಬ್ಬರಿದ್ದಾರೆ. ಈ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಭಾರತೀಯರು ಆಹಾರದಿಂದ ಪಡೆಯುವ ಶಕ್ತಿಯಲ್ಲಿ ನೂರಕ್ಕೆ 60ಕ್ಕಿಂತ ಹೆಚ್ಚು ಪಾಲು ಪಿಷ್ಟ ಶರ್ಕರಗಳಿಂದಲೇ ಬರುವುದೆಂದು ಪರಿಶೋಧಕರು ಕಂಡುಕೊಂಡಿದ್ದಾರೆ. ಅದನ್ನು ತಗ್ಗಿಸಿ ಗುಣ ಕಂಡವರೂ ಅನೇಕರು. ಆದರೆ ಒಬ್ಬನಿಗೆ ಪಥ್ಯವಾದುದು ಮತ್ತೊಬ್ಬನಿಗೂ ಪಥ್ಯವೇ ಆಗಬೇಕೆಂಬ ನಿಯಮವುಂಟೆ?

ಬನಶಂಕರಿಯ ಒಂದು ಮನೆಯ ವೃತ್ತಾಂತವಿದು. ಗೃಹಿಣಿಗೆ ಆಗ 42 ವರ್ಷ. ತೆಳ್ಳನೆಯ ಮೈಕಟ್ಟು, ತವರಿನಲ್ಲಿ ಯಾರಿಗೂ ಈ ರೋಗವಿರಲಿಲ್ಲ. ರಕ್ತದಲ್ಲಿ ಸಕ್ಕರೆ ಹೆಚ್ಚಿರುವುದು ತಿಳಿದಾಗ ವೈದ್ಯರು ವಯಸ್ಸನ್ನು ನೋಡಿ ಎರಡನೆಯ ಬಗೆಯ ಮಧುಮೇಹವೆಂದು ನಿರ್ಣಯಿಸಿ ಗುಳಿಗೆಗಳನ್ನು ಕೊಟ್ಟರು. ಸ್ಥೂಲಕಾಯನಾಗಿದ್ದ ಮೈದುನನು ಅನ್ನ ಬಿಟ್ಟು, ಮೈಯಿಳಿಸಿ, ಗುಳಿಗೆಗಳಿಂದ ಬಿಡುಗಡೆ ಹೊಂದಿದ್ದನು. “ಅತ್ತಿಗೆ, ನೀವೂ ಬಿಟ್ಟು ನೋಡಿ” ಎಂದನು. ಆಕೆ ನಿಷ್ಠೆಯಿಂದ ಬಿಟ್ಟಳು. ಪಲ್ಯ, ಮೊಸರು, ಕಡಲೆಕಾಯಿಗಳಲ್ಲಿಯೇ ಊಟ ಮುಗಿಯಿತು. ಮೂರು ತಿಂಗಳಲ್ಲಿ ಸಕ್ಕರೆ ಇಳಿಯಿತು, ಮನೆಯವರು ಹಿಗ್ಗಿದರು. ಅತ್ತೆಯೊಬ್ಬರು ಮಾತ್ರ, “ಬಳೆಗಳು ಮೊಣಕೈಗೆ ಜಾರುತ್ತವೆಯಲ್ಲಮ್ಮ” ಎಂದರು. ಅದನ್ನೂ ಪಥ್ಯದ ಫಲವೆಂದೇ ಎಣಿಸಿದರು.

ವರ್ಷ ತುಂಬುವಷ್ಟರಲ್ಲಿ ಸಕ್ಕರೆ ಮತ್ತೆ ಏರತೊಡಗಿತು. ತುತ್ತು ಅನ್ನವಿಲ್ಲದೆ ಸಕ್ಕರೆ ಏರುವುದೆಂತು? ಪತಿಯು ಒಂದು ದಿನ ಅಡಿಗೆಮನೆಯ ಬಾಗಿಲಲ್ಲಿ ನಿಂತು, “ಮರೆಯಲ್ಲಿ ಏನಾದರೂ ತಿನ್ನುತ್ತಿದ್ದೀಯಾ?” ಎಂದು ಕೇಳಿಯೇಬಿಟ್ಟರು. ಆಕೆ ಉತ್ತರ ಕೊಡಲಿಲ್ಲ. ಮರುದಿನದಿಂದ ಇದ್ದ ಊಟವನ್ನೂ ಅರ್ಧಮಾಡಿದಳು.

ಈ ರೋಗದಲ್ಲಿ ಭೇದವುಂಟೆಂಬುದು ಹೊಸ ಮಾತಲ್ಲ. ಹುಟ್ಟಿನೊಡನೆ ಬಂದುದೊಂದು, ಅಪಥ್ಯದಿಂದಾದುದೊಂದು ಎಂದು ಸುಶ್ರುತನು ಪ್ರಮೇಹವನ್ನು ಎರಡಾಗಿ ವಿಂಗಡಿಸಿದನು. ಸ್ಥೂಲನಿಗೆ ಶೋಧನವನ್ನೂ ಕೃಶನಿಗೆ ಪುಷ್ಟಿಯನ್ನೂ ಚರಕನು ವಿಧಿಸಿದನು. ಇಂದಿನ ವಿಭಾಗಕ್ಕೂ ಅದಕ್ಕೂ ಪೂರ್ಣ ಸಾಮ್ಯವಿಲ್ಲದಿದ್ದರೂ ಚಿಕಿತ್ಸೆಗೆ ಮುನ್ನ ರೋಗಿಯನ್ನು ನೋಡಬೇಕೆಂಬ ವಿವೇಕವು ಅಲ್ಲಿದೆ. 1936ರಲ್ಲಿ ಲಂಡನ್ನಿನ ಹಿಮ್ಸ್‌ವರ್ತ್ ಎಂಬ ವೈದ್ಯನು ಇನ್ಸುಲಿನ್ನಿಗೆ ಸುಲಭವಾಗಿ ಮಣಿಯುವ ರೋಗಿಗಳೂ ಮಣಿಯದ ರೋಗಿಗಳೂ ಬೇರೆಬೇರೆಯೆಂದು ತೋರಿಸಿಕೊಟ್ಟನು. ಮೊದಲನೆಯ ಬಗೆಯಲ್ಲಿ ದೇಹದ ರಕ್ಷಣಾಶಕ್ತಿಯೇ ದಾರಿತಪ್ಪಿ ಇನ್ಸುಲಿನ್ ಹುಟ್ಟಿಸುವ ಕಣಗಳನ್ನು ನಾಶಮಾಡುತ್ತದೆ. ಇದು ಮಕ್ಕಳ ರೋಗವೆಂಬ ನಂಬಿಕೆ ಬಲವಾಗಿದೆ. ಆದರೆ ನಡುವಯಸ್ಸಿನಲ್ಲಿ ಮೆಲ್ಲಮೆಲ್ಲನೆ ತಲೆದೋರುವುದೂ ಉಂಟು. ಪಿಷ್ಟ ಕಡಿಮೆಯಾದರೆ ಇನ್ಸುಲಿನ್ನಿನ ಅಗತ್ಯವೂ ಕಡಿಮೆಯಾಗುವುದರಿಂದ ಅಂಥವರಲ್ಲಿ ಸಕ್ಕರೆ ಕೆಲಕಾಲ ಇಳಿದು, ಒಳಗಿನ ಕ್ಷಯವು ಮರೆಯಾಗಿಬಿಡುತ್ತದೆ. 1922ರಲ್ಲಿ ಟೊರಾಂಟೋವಿನಲ್ಲಿ ಮೊದಲಬಾರಿಗೆ ಇನ್ಸುಲಿನ್ ಚುಚ್ಚುವುದಕ್ಕೆ ಮುನ್ನ ಅಮೆರಿಕದ ವೈದ್ಯರು ಇಂಥ ರೋಗಿಗಳನ್ನು ಉಪವಾಸದಲ್ಲಿಟ್ಟು ಕೆಲಕಾಲ ಬದುಕಿಸುತ್ತಿದ್ದರು. ಪಥ್ಯವು ಮರಣವನ್ನು ಮುಂದೂಡುತ್ತಿತ್ತೇ ಹೊರತು ತಪ್ಪಿಸುತ್ತಿರಲಿಲ್ಲ.

ಆ ಗೃಹಿಣಿಗೂ ಅಂಥ ದಿನ ಬಂದಿತು. ಸಣ್ಣ ಜ್ವರದ ಹಿಂದೆಯೇ ವಾಂತಿ, ಹೊಟ್ಟೆನೋವು, ಆಳವಾದ ಏದುಸಿರು. ಉಸಿರಿನಲ್ಲಿ ಮಾಗಿದ ಹಣ್ಣಿನಂಥ ವಾಸನೆ. ಆಸ್ಪತ್ರೆಗೆ ಸೇರಿಸಿದಾಗ ರಕ್ತವೆಲ್ಲ ಕೀಟೋನುಗಳಿಂದ ಆಮ್ಲವಾಗಿದ್ದಿತು. ಎರಡು ರಾತ್ರಿ ಕಳೆದ ಮೇಲೆಯೇ ಪ್ರಾಣದ ಭರವಸೆ ದೊರೆತದ್ದು. ತರುವಾಯ ಜಿ.ಎ.ಡಿ. ಪ್ರತಿಕಾಯಗಳ ಪರೀಕ್ಷೆಯೂ ಸಿ-ಪೆಪ್ಟೈಡ್ ಪರೀಕ್ಷೆಯೂ ನಡೆದುವು. ರೋಗವು ಮೊದಲಿನಿಂದಲೂ ಮೊದಲನೆಯ ಬಗೆಯದೇ ಆಗಿದ್ದಿತು.

ಹಾಗೆಂದು ಪಥ್ಯವನ್ನು ದೂಷಿಸುವುದು ಸಲ್ಲದು. ಮೈದುನನಿಗೆ ಅದು ನಿಜವಾಗಿ ಹಿತವನ್ನೇ ಮಾಡಿತು. ಪರೀಕ್ಷೆಯು ಇರಬೇಕಾದ ಜಾಗದಲ್ಲಿ ಪಥ್ಯವು ಬಂದು ಕುಳಿತುದೇ ಅನರ್ಥಕ್ಕೆ ಮೂಲ. ಮೈ ತೆಳ್ಳಗಿದ್ದು, ಇನ್ನೂ ಸೊರಗುತ್ತಲೇ ಹೋಗಿ, ಔಷಧ ಪಥ್ಯಗಳೆರಡಿದ್ದರೂ ಸಕ್ಕರೆ ಏರುತ್ತಿದ್ದರೆ, ಮನೆಯವರು ರೋಗಿಯ ನಿಷ್ಠೆಯನ್ನು ಶಂಕಿಸುವುದಕ್ಕೆ ಮೊದಲು ರೋಗದ ಹೆಸರನ್ನೇ ಶಂಕಿಸಬೇಕು.

ಮನೆಗೆ ಬಂದ ದಿನ ಆಕೆ ಇನ್ಸುಲಿನ್ ಚುಚ್ಚಿಕೊಂಡು ಊಟಕ್ಕೆ ಕುಳಿತಳು. ಪತಿಯೇ ಬಡಿಸಿದರು. ವೈದ್ಯರು ಹೇಳಿದ ಅಳತೆಯ ಅನ್ನ, ಮೇಲೆ ಬಿಸಿಸಾರು. ಆ ಹಳೆಯ ಪ್ರಶ್ನೆಗೆ ಕ್ಷಮೆ ಕೇಳಲು ಅವರಿಗೆ ನಾಲಗೆ ಏಳಲಿಲ್ಲ. ಆಕೆ ಮೊದಲ ತುತ್ತನ್ನು ಕಲಸಿ, “ಉಪ್ಪು ಸ್ವಲ್ಪ ಮುಂದಾಗಿದೆ” ಎಂದಳು. ಸಾರು ಮಾಡಿದವರೂ ಅವರೇ.