ಕಾಗೆ ಕೂತಿತು, ಕೊಂಬೆ ಮುರಿಯಿತು

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂಬ ಗಾದೆ ನಮಗೆಲ್ಲ ಬಾಯಿಪಾಠ. ಆದರೂ ಕೊಂಬೆ ಮುರಿದಾಗ ಮೊದಲ ಕಲ್ಲು ಬೀಳುವುದು ಕಾಗೆಯ ಮೇಲೇ. ಮಿಕ್ಸಿ ಸುಟ್ಟರೆ ಹಿಂದಿನ ದಿನ ಚಟ್ನಿ ಅರೆದವಳು, ಹಾಲು ಒಡೆದರೆ ಕಾಯಿಸಿದವಳು, ಮಗು ಪರೀಕ್ಷೆಯಲ್ಲಿ ಹಿಂದೆ ಬಿದ್ದರೆ ತಾಯಿ! ಕಾರಣ ಹುಡುಕಲು ತಾಳ್ಮೆ ಬೇಕು. ದೂರಲು ಒಬ್ಬರು ಸಿಕ್ಕರೆ ಸಾಕು. ಇವೆರಡೂ ಎಷ್ಟು ಬೇರೆ ಎಂಬುದನ್ನು ನಾನು ಕಂಡದ್ದು ನಮ್ಮ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ.

ನಾನು ರಾಜಾಜಿನಗರದ ಕಡೆಯ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವಳು. 2018ರ ಜೂನ್‌ನಲ್ಲಿ ನಮ್ಮಲ್ಲಿದ್ದ ಇಪ್ಪತ್ತು ಕಂಪ್ಯೂಟರ್‌ಗಳಿಗೂ ಇಂಟರ್‌ನೆಟ್ ಕೊಡುವುದೆಂದು ತೀರ್ಮಾನವಾಯಿತು. ಮಕ್ಕಳು ಏನೇನು ನೋಡಿಬಿಡುತ್ತಾರೋ, ಹೊರಗಿನಿಂದ ಯಾರು ಒಳನುಗ್ಗುತ್ತಾರೋ ಎಂಬ ಭಯ ಪೋಷಕರಿಗೆ. ಅದನ್ನು ತಡೆಯುವ ಸಿದ್ಧ ಪೆಟ್ಟಿಗೆಯ ಬೆಲೆ ಕೇಳಿ ಆಡಳಿತ ಮಂಡಳಿಯವರು ಹಿಂದೆ ಸರಿದರು. ಆಗ ನಮ್ಮಲ್ಲೇ ಓದಿ ಡಿಪ್ಲೊಮಾ ಮುಗಿಸಿದ್ದ ಹುಡುಗಿಯೊಬ್ಬಳು, “ಮಿಸ್, ಮೂಲೇಲಿ ಬಿದ್ದಿರೋ ಹಳೇ ಕಂಪ್ಯೂಟರ್ ಸಾಕು. ಇನ್ನೊಂದು ನೆಟ್‌ವರ್ಕ್ ಕಾರ್ಡ್ ಹಾಕಿ ಲಿನಕ್ಸ್ ಕೂರಿಸಿಕೊಡ್ತೀನಿ” ಎಂದಳು.

ಲಿನಕ್ಸ್ ಎಂದರೆ 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಎಂಬ ಫಿನ್ಲೆಂಡಿನ ವಿದ್ಯಾರ್ಥಿ ಬರೆಯಲು ತೊಡಗಿ, ಆಮೇಲೆ ಲೋಕದ ಸಾವಿರಾರು ಮಂದಿ ಕೈಜೋಡಿಸಿ ಬೆಳೆಸಿದ ತಂತ್ರಾಂಶ. ಅದಕ್ಕೆ ಕಾಸು ಕೊಡಬೇಕಿಲ್ಲ. ನಮ್ಮ ರಾಜ್ಯದ ಸರ್ಕಾರಿ ಪ್ರೌಢಶಾಲೆಗಳ ಅನೇಕ ಶಿಕ್ಷಕರು ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಇದರದೇ ಒಂದು ರೂಪವಾದ ಉಬುಂಟು ಕಲಿತಿದ್ದಾರೆ. ಆದ್ದರಿಂದ ಹೆಸರು ನನಗೆ ಹೊಸದಲ್ಲ. ಹೊಸದಾಗಿದ್ದುದು ಫೈರ್‌ವಾಲ್ ಎಂಬ ಪದ. ಒಂದು ಕಟ್ಟಡದ ಬೆಂಕಿ ಇನ್ನೊಂದಕ್ಕೆ ಹಬ್ಬದಂತೆ ಕಟ್ಟುವ ಗೋಡೆಗೆ ಇಂಗ್ಲಿಷಿನಲ್ಲಿ ಆ ಹೆಸರು. ಆದರೆ ಆ ಹುಡುಗಿ ವಿವರಿಸುತ್ತಿದ್ದಾಗ ನನಗೆ ಗೋಡೆಗಿಂತ ಹೆಚ್ಚಾಗಿ ಕಂಡದ್ದು ಹಳೆಯ ವಠಾರಗಳ ಜಗಲಿಯ ಮೇಲೆ ಕೂರುತ್ತಿದ್ದ ಅಜ್ಜಿ. ಒಳಗಿನವರು ಯಾರನ್ನು ಬರಹೇಳಿದ್ದಾರೆಂದು ಆಕೆಗೆ ಗೊತ್ತು. ಕರೆಸಿಕೊಂಡವರು ಬಂದರೆ ಬಿಡುತ್ತಾಳೆ. ಕರೆಯದೆ ಬಂದವರನ್ನು “ಯಾರು ಬೇಕಾಗಿತ್ತು?” ಎಂದು ಅಲ್ಲೇ ನಿಲ್ಲಿಸುತ್ತಾಳೆ. ಮಕ್ಕಳು ಹೋಗಬಾರದ ಮನೆಗಳ ಪಟ್ಟಿಯನ್ನೂ ಆಕೆಯ ಕೈಗೆ ಕೊಟ್ಟಿರಬಹುದು. ಲಿನಕ್ಸ್ ಪೆಟ್ಟಿಗೆಯ ಕೆಲಸವೂ ಇಷ್ಟೇ. ಯಾವ ಕಂಪ್ಯೂಟರ್ ಹೊರಗೆ ಯಾರನ್ನು ಏನು ಕೇಳಿತು ಎಂಬ ಲೆಕ್ಕವನ್ನು ತನ್ನ ನೆನಪಿನಲ್ಲಿ ಇಟ್ಟುಕೊಂಡು, ಅದಕ್ಕೆ ಬಂದ ಉತ್ತರವನ್ನು ಮಾತ್ರ ಒಳಗೆ ಬಿಡುತ್ತದೆ.

ಮೊದಲ ದಿನ ಎಲ್ಲವೂ ಚೆನ್ನಾಗಿ ನಡೆಯಿತು. ಎರಡನೆಯ ದಿನ ಹನ್ನೊಂದರ ಸುಮಾರಿಗೆ, ಒಂಬತ್ತನೆಯ ತರಗತಿ ಬಂದು ಕೂತ ಸ್ವಲ್ಪ ಹೊತ್ತಿಗೆ, ಪೆಟ್ಟಿಗೆ ಸ್ತಬ್ಧವಾಯಿತು. ಇಪ್ಪತ್ತೂ ಕಂಪ್ಯೂಟರ್‌ಗಳಿಗೆ ಇಂಟರ್‌ನೆಟ್ ನಿಂತಿತು. ಆರಿಸಿ ಹಾಕಿದರೆ ಸರಿ, ಮರುದಿನ ಮತ್ತೆ ಅದೇ ಕತೆ. ಕೆಲವು ಸಲ ಕೀಲಿಮಣೆಯ ಪುಟ್ಟ ದೀಪಗಳು ಮಿಣಮಿಣ ಮಿಟುಕುತ್ತಿದ್ದವು. ಅದಕ್ಕೆ ಕರ್ನಲ್ ಪ್ಯಾನಿಕ್ ಎನ್ನುತ್ತಾರಂತೆ. ತನ್ನೊಳಗೆ ನಂಬಲಾರದ್ದೇನೋ ನಡೆದಿದೆ ಎಂದು ತಿಳಿದ ಲಿನಕ್ಸ್, ಮುಂದುವರಿದು ಇನ್ನಷ್ಟು ಕೆಡಿಸುವುದಕ್ಕಿಂತ ನಿಂತುಬಿಡುವುದು ಲೇಸೆಂದು ನಿಲ್ಲುತ್ತದೆ.

ಸರಿ, ಕಾಗೆಯ ಹುಡುಕಾಟ ಆರಂಭವಾಯಿತು. “ಪುಕ್ಕಟೆ ಬಂದದ್ದು ಹೀಗೇ” ಎಂದರು ಒಬ್ಬರು. “ಆ ಚಿಕ್ಕ ಹುಡುಗಿಗೆ ಏನು ಗೊತ್ತು?” ಎಂದರು ಇನ್ನೊಬ್ಬರು. ಕೊನೆಗೆ ಮಾತು ಬಂದು ನಿಂತದ್ದು ನಮ್ಮ ಆಯಾ ಮೇಲೆ. ಆಕೆ ದಿನಾ ಹತ್ತೂವರೆಗೆ ಆ ಕೋಣೆ ಒರೆಸುತ್ತಿದ್ದರು, ಹನ್ನೊಂದಕ್ಕೆ ಪೆಟ್ಟಿಗೆ ನಿಲ್ಲುತ್ತಿತ್ತು. ಇನ್ನೇನು ಸಾಕ್ಷಿ ಬೇಕು? ಒದ್ದೆ ಬಟ್ಟೆ ತಗುಲಿಸುತ್ತಾಳೆ, ವೈರು ಎಳೆಯುತ್ತಾಳೆ, ಮುಂದಿನ ತಿಂಗಳಿನಿಂದ ಬೇಡವೆನ್ನೋಣ ಎಂಬ ಸಲಹೆ ಸಭೆಯಲ್ಲೇ ಬಂತು. ದಿನಗೂಲಿಯ ಹೆಂಗಸು, ಬೇಡ ಎಂದರೆ ಮುಗಿಯಿತು. ಆಕೆಯ ಹತ್ತಿರ ಯಾರೂ ಒಂದು ಮಾತು ಕೇಳಿರಲಿಲ್ಲ. ನಾನು ಕೇಳಿದಾಗ, “ಆ ಮೂಲೆಗೆ ನೀರೇ ತಾಗಿಸಲ್ಲ ಮೇಡಮ್ಮೋರೆ, ಒಣ ಪೊರಕೆ ಅಷ್ಟೆ” ಎಂದರು. ನಾನು ಮುಖ್ಯೋಪಾಧ್ಯಾಯಿನಿಯವರ ಹತ್ತಿರ ಹದಿನೈದು ದಿನ ಗಡುವು ಕೇಳಿಕೊಂಡೆ.

ಹುಡುಗಿ ಎರಡು ನಿಯಮ ಹೇಳಿದಳು. ಆದದ್ದನ್ನೆಲ್ಲ ಬರೆದಿಡಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಸಾರು ಕೆಟ್ಟಾಗ ಉಪ್ಪು, ಹುಳಿ, ಬೆಲ್ಲ ಮೂರನ್ನೂ ಒಟ್ಟಿಗೆ ಸುರಿದರೆ ಯಾವುದು ಕಡಿಮೆಯಿತ್ತೆಂದು ತಿಳಿಯುವುದಾದರೂ ಹೇಗೆ? ಇನ್ನೂರು ಪುಟದ ನೋಟ್‌ಬುಕ್ ತಂದು ಗೆರೆ ಹಾಕಿದೆ. ದಿನ, ಗಂಟೆ, ಎಷ್ಟು ಕಂಪ್ಯೂಟರ್ ನಡೆಯುತ್ತಿದ್ದವು, ಕರೆಂಟ್ ಹೋಗಿತ್ತೇ, ಕೋಣೆ ಒರೆಸಿದ್ದರೇ. ಬುಧವಾರ ಆಯಾ ರಜ, ಕೋಣೆ ಒರೆಸಲಿಲ್ಲ, ಆದರೂ ಹನ್ನೊಂದೂ ಹತ್ತಕ್ಕೆ ಪೆಟ್ಟಿಗೆ ನಿಂತಿತು. ಶನಿವಾರ ಒರೆಸಿದ್ದರು, ನಡೆಯುತ್ತಿದ್ದುದು ನಾಲ್ಕೇ ಕಂಪ್ಯೂಟರ್, ಪೆಟ್ಟಿಗೆ ನಿಲ್ಲಲಿಲ್ಲ. ಎರಡು ಸಾಲು ಬರೆಯುವಷ್ಟರಲ್ಲಿ ಕಾಗೆ ಹಾರಿಹೋಯಿತು.

ಇನ್ನು ಕೊಂಬೆಯ ಸರದಿ. ಯಂತ್ರ ತಾನೇ ಬರೆದಿಡುವ ದಿನಚರಿಯಲ್ಲಿ ದೂರೇನೂ ಇರಲಿಲ್ಲ. ಹಠಾತ್ತನೆ ನಿಂತಾಗ ಕೊನೆಯ ಸಾಲುಗಳು ಡಿಸ್ಕಿಗೆ ಮುಟ್ಟುವ ಮೊದಲೇ ಅಳಿದುಹೋಗಬಹುದಂತೆ. ಹೊಸ ನೆಟ್‌ವರ್ಕ್ ಕಾರ್ಡ್ ತೆಗೆದು ಬೇರೆ ಹಾಕಿದಳು, ಮತ್ತೆ ನಿಂತಿತು. ಸೆಕೆಗೋ ಎಂದು ಮುಚ್ಚಳ ತೆಗೆದು ಟೇಬಲ್ ಫ್ಯಾನ್ ಇಟ್ಟೆವು, ಆಗಲೂ ನಿಂತಿತು. ವಿದ್ಯುತ್ ಕೊಡುವ ಡಬ್ಬಿ ಬದಲಿಸಿದರೂ ಅಷ್ಟೆ. ಉಳಿದದ್ದು ರ‍್ಯಾಮ್, ಅಂದರೆ ಯಂತ್ರದ ನೆನಪು. ಮೆಮ್‌ಟೆಸ್ಟ್ ಎಂಬ ಪರೀಕ್ಷೆಯಿದೆ. ಅದು ಲಿನಕ್ಸನ್ನು ಎಬ್ಬಿಸದೆ ತಾನೇ ನಡೆಯುತ್ತದೆ, ನೆನಪಿನ ಒಂದೊಂದು ಕೋಶದಲ್ಲೂ ಏನನ್ನೋ ಬರೆದು, ಮತ್ತೆ ಓದಿ, ಬರೆದದ್ದೇ ಇದೆಯೇ ಎಂದು ನೋಡುತ್ತದೆ. ನಾವು ಮಕ್ಕಳಿಗೆ ಮಗ್ಗಿ ಒಪ್ಪಿಸಲು ಹೇಳುವುದಿಲ್ಲವೇ, ಹಾಗೆ. ರಾತ್ರಿಯಿಡೀ ಬಿಟ್ಟೆವು. ಬೆಳಿಗ್ಗೆ ಬಂದು ನೋಡಿದರೆ ಪರದೆಯ ಮೇಲೆ ಕೆಂಪು ಸಾಲುಗಳು. ಇದ್ದ ಎರಡು ಪಟ್ಟಿಗಳನ್ನು ಒಂದೊಂದಾಗಿ ಪರೀಕ್ಷಿಸಿದಾಗ ಒಂದು ಪಟ್ಟಿ ಹಾಳಾಗಿತ್ತು.

ಹಾಗಾದರೆ ಹನ್ನೊಂದಕ್ಕೇ ಏಕೆ? ವಠಾರದ ಅಜ್ಜಿಯನ್ನೇ ನೆನೆಯಿರಿ. ನಾಲ್ಕು ಜನ ಬಂದುಹೋಗುವ ದಿನ ಆಕೆಯ ನೆನಪು ಸಾಕು, ಗೌರಿ ಹಬ್ಬಕ್ಕೆ ಬಾಗಿನ ಕೊಡುವವರು, ತೆಗೆದುಕೊಳ್ಳುವವರು ಒಟ್ಟಿಗೆ ಬಂದರೆ ಮರೆವು ಹೊರಬೀಳುತ್ತದೆ. ನಾಲ್ಕು ಕಂಪ್ಯೂಟರ್ ಇದ್ದಾಗ ಆ ಹಾಳು ಭಾಗದ ಬಳಕೆಯೇ ಬರುತ್ತಿರಲಿಲ್ಲ. ತರಗತಿ ಪೂರ್ತಿ ಕೂತಾಗ ಲೆಕ್ಕದ ಪಟ್ಟಿ ಬೆಳೆದು ಅಲ್ಲಿಗೂ ಹಬ್ಬುತ್ತಿತ್ತು, ಬರೆದದ್ದೊಂದು, ಓದಿದ್ದೊಂದು ಆಗುತ್ತಿತ್ತು. ಕೆಟ್ಟ ಪಟ್ಟಿ ಕಿತ್ತಮೇಲೆ, ಉಳಿದ ಅರ್ಧ ನೆನಪಿನಲ್ಲೇ ಪೆಟ್ಟಿಗೆ ಆ ವರ್ಷವೆಲ್ಲ ನಡೆಯಿತು. ಈ ಕಾವಲಿಗೆ ಹೆಚ್ಚು ನೆನಪು ಬೇಕಿಲ್ಲ. 1990ರ ದಶಕದಲ್ಲಿ ಒಂದೇ ಫ್ಲಾಪಿಯಲ್ಲಿ ಹಿಡಿಸುವ ಲಿನಕ್ಸ್ ರೌಟರ್‌ಗಳೇ ಇದ್ದವು. ಆದರೂ ಒಂದು ಜೋಡಿ ಇರಲೆಂದು, ನಾನು ಮೆಟ್ರೋ ಹತ್ತಿ ಕೆ.ಆರ್. ಮಾರುಕಟ್ಟೆಯಲ್ಲಿ ಇಳಿದು ಎಸ್.ಪಿ. ರಸ್ತೆಯಲ್ಲಿ ಅಂಥದೇ ಹಳೆಯ ಪಟ್ಟಿ ಹುಡುಕಿ ತಂದೆ.

ಮುಂದಿನ ಸಭೆಯಲ್ಲಿ ನೋಟ್‌ಬುಕ್ ತೆರೆದು ತಾರೀಖಿನ ಪ್ರಕಾರ ಓದಿದೆ. ಎಲ್ಲರೂ ತಲೆದೂಗಿದರು, ಹುಡುಗಿಗೆ ಧನ್ಯವಾದ ಹೇಳಿದರು, ಕ್ರೀಡಾಕೂಟದ ವಿಷಯಕ್ಕೆ ಹೋದರು. ಆಯಾ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಆಕೆಯನ್ನು ಬೇಡವೆನ್ನುವ ಮಾತೂ ಮತ್ತೆ ಬರಲಿಲ್ಲ, ಆ ಮಟ್ಟಿಗೆ ನೆಮ್ಮದಿ. ಕೆಟ್ಟ ಪಟ್ಟಿಯನ್ನು ಆಕೆಗೆ ತೋರಿಸಿದೆ. ಅಂಗೈ ಮೇಲಿಟ್ಟು ಹಿಂದೆ ಮುಂದೆ ತಿರುಗಿಸಿ ನೋಡಿದರು. “ಇಷ್ಟೇ ಇಷ್ಟಕ್ಕೆ ನನ್ನ ಅನ್ನ ಹೋಗ್ತಿತ್ತಲ್ಲ ಮೇಡಮ್ಮೋರೆ” ಎಂದು ಕೊಟ್ಟು, ಬಕೆಟ್ ಎತ್ತಿಕೊಂಡು ಹೋದರು.

ನೋಟ್‌ಬುಕ್ಕಿನಲ್ಲಿ ಪುಟಗಳು ಬಹಳ ಉಳಿದಿದ್ದವು. ಮರುವರ್ಷ ಶಾಲೆಯ ನೀರಿನ ಮೋಟಾರ್ ಆಗಾಗ ನಿಲ್ಲತೊಡಗಿದಾಗ, ಆಯಾ ತಾವಾಗಿಯೇ ನನ್ನ ಮೇಜಿನ ಹತ್ತಿರ ಬಂದು, “ಬರ್ಕೊಳಿ ಮೇಡಮ್ಮೋರೆ. ಬೆಳಿಗ್ಗೆ ಎಂಟೂಕಾಲಿಗೆ ಹಾಕ್ದೆ. ಸಂಪಲ್ಲಿ ನೀರು ಮೊಣಕಾಲುದ್ದ ಇತ್ತು. ಎಂಟೂವರೆಗೆ ನಿಂತೋಯ್ತು” ಎಂದರು. ನಾನು ಪೆನ್ನು ತೆಗೆದೆ.