ಠಾಣೆಯ ಕಾಗದದಲ್ಲಿ ‘ನಾನು’

ಮಂಠಾಳದ ಕಡೆಯ ರೈತನೊಬ್ಬನು ತಾನು ಕಂಡ ಜಗಳವನ್ನು ಹೇಳಲು ಪೊಲೀಸ್ ಠಾಣೆಗೆ ಹೋದನೆಂದು ವಾಚಕರು ಭಾವಿಸಲಿ. ಅವನ ಬಾಯಿಯ ಕನ್ನಡದಲ್ಲಿ ಮರಾಠಿಯೂ ದಖನಿಯೂ ಬೆರೆತಿರುವುವು. ಕಾಗದದ ಮೇಲೆ ಇಳಿಯುವುದಾದರೋ ‘ಸದರಿ’, ‘ಮೇಲ್ಕಂಡ’ಗಳ ಕನ್ನಡ. ಅಲ್ಲಿಯೂ ಕರ್ತೃಪದ ‘ನಾನು’ ಎಂದೇ ಇರುವುದು; ಆದರೆ ನುಡಿದವನೊಬ್ಬ, ಬರೆದವನೊಬ್ಬ.

ಈ ಅಂತರವು ಹೊಸದಲ್ಲ. 1948ರ ಸೆಪ್ಟೆಂಬರಿನವರೆಗೆ ನಿಜಾಮರ ಆಳ್ವಿಕೆಗೆ ಒಳಪಟ್ಟಿದ್ದ ಬೀದರ ಸೀಮೆಯಲ್ಲಿ ಕಚೇರಿಯ ಭಾಷೆ ಉರ್ದು. ಕನ್ನಡದ ಮಾತು ಅಲ್ಲಿ ‘ಇಜಹಾರ’ವಾಗುತ್ತಿದ್ದಿತು. 1956ರ ನವೆಂಬರ್ 1ರಂದು ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿತು. 1963ರಲ್ಲಿ ಕನ್ನಡವು ರಾಜಭಾಷೆಯೆನಿಸಿತು. ಭಾಷಾಂತರವು ಮಾತ್ರ ನಿಲ್ಲಲಿಲ್ಲ. ಕನ್ನಡದಿಂದ ಕನ್ನಡಕ್ಕೇ ನಡೆಯತೊಡಗಿತು.

ದೊಡ್ಡವರು ಮಾತನಾಡುವಾಗ ನಡುನಡುವೆ ‘ಹೂಂ ರೀ’ ಎನ್ನುವುದು ಆ ಸೀಮೆಯ ಮರ್ಯಾದೆ. ಕೇಳುತ್ತಿರುವೆನೆಂದಷ್ಟೇ ಅದರ ಅರ್ಥ, ಒಪ್ಪಿದೆನೆಂದಲ್ಲ. ‘ನೀನೂ ಅಲ್ಲೇ ಇದ್ದೆಯಷ್ಟೆ?’ ಎಂಬ ಪ್ರಶ್ನೆಗೆ ಆ ಹೂಂಕಾರವು ಹೊರಟರೆ, ‘ನಾನು ಸದರಿ ಸ್ಥಳದಲ್ಲಿ ಹಾಜರಿದ್ದೆನು’ ಎಂದು ಬರೆಯಲ್ಪಡುವುದು. ಪ್ರಶ್ನೆಯು ಕಾಗದದಲ್ಲಿ ಉಳಿಯುವುದೇ ಇಲ್ಲ. ಇನ್ನು, ‘ಪಾಟೀಲ್ರು ಬಂದ್ರು, ಬೈದ್ರು’ ಎಂದರೆ ಬಂದವನು ಒಬ್ಬನೇ, ಬಹುವಚನವು ಗೌರವಕ್ಕೆ. ಅವಸರದ ಲೇಖಣಿಯು ಅದನ್ನು ‘ಪಾಟೀಲ ಹಾಗೂ ಸಂಗಡಿಗರು’ ಎಂದು ಮಾಡಿತೆಂದರೆ ವ್ಯಾಕರಣವೇ ಜನರನ್ನು ಹುಟ್ಟಿಸಿದಂತಾಯಿತು! ಐವರು ಕೂಡಿದರೆ ಅಕ್ರಮಕೂಟದ ಆರೋಪಕ್ಕೂ ದಾರಿಯಾಗುವುದು.

ಕಾನೂನು ಈ ಭಯವನ್ನು ಅರಿಯದುದಲ್ಲ. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತುಪಡಿಸಲಾಗದೆಂದು 1872ರ ಸಾಕ್ಷ್ಯ ಅಧಿನಿಯಮವು ವಿಧಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಗಳೂ ಅದನ್ನು ಕೈಬಿಟ್ಟಿಲ್ಲ. ತನಿಖೆಯಲ್ಲಿ ಸಾಕ್ಷಿಯು ಕೊಟ್ಟ ಹೇಳಿಕೆಗೆ ಅವನ ರುಜು ಪಡೆಯುವಂತಿಲ್ಲ. ಆದರೆ ಅವನು ಕೋರ್ಟಿನಲ್ಲಿ ಬೇರೆ ಮಾತು ಆಡಿದರೆ ಆ ಹೇಳಿಕೆಯನ್ನೇ ಎತ್ತಿ ತೋರಿಸಬಹುದು. ಅಲ್ಲಿಯೇ ಅಪಾಯ. ವಕೀಲರು ‘ಸಂಗಡಿಗರು’ ಎಂದು ಓದುವರು. ರೈತನು ‘ನಾ ಹಾಂಗ ಅಂದಿಲ್ರೀ’ ಎನ್ನುವನು. ನಿಜ ಹೇಳಿದವನೇ ಮಾತು ತಪ್ಪಿದವನಂತೆ ಕಟಕಟೆಯಲ್ಲಿ ನಿಲ್ಲುವನು.

ಧ್ವನಿ-ದೃಶ್ಯಗಳಲ್ಲಿ ಹೇಳಿಕೆಯನ್ನು ದಾಖಲಿಸಲು ಕಾನೂನು ಎಡೆಮಾಡಿರುವುದು. ‘ಬಹುದು’ ಎಂದಿರುವುದೇ ಹೊರತು ‘ತಕ್ಕದ್ದು’ ಎಂದಿಲ್ಲ. ಹಾಗೆ ದಾಖಲಿಸಿದಲ್ಲಿ ಹೂಂಕಾರದೊಡನೆ ಅದಕ್ಕೆ ಮೊದಲಿನ ಪ್ರಶ್ನೆಯೂ ಕೇಳಿಸುವುದು.